ಅಮೆರಿಕದಲ್ಲಿ ಪಶುವೈದ್ಯರಾಗಬೇಕೆನ್ನುವ ಮಕ್ಕಳು ಮೊದಲ ಪದವಿಯಲ್ಲಿ ಏನು ಓದಬೇಕು?

ಶನಿವಾರ ಬೆಳಿಗ್ಗೆ ನಮ್ಮ ಕ್ಲಿನಿಕ್ಕಿನ ಫೋನಿನಲ್ಲಿ ಕನ್ನಡ ಕೇಳಿಸಿತೆಂದರೆ ವಿಷಯ ಎರಡರಲ್ಲಿ ಒಂದು. ಯಾರದೋ ಮನೆಯ ಲ್ಯಾಬ್ರಡಾರ್ ಒಣದ್ರಾಕ್ಷಿ ಹಾಕಿದ ಪಾಯಸಕ್ಕೆ ಬಾಯಿ ಹಾಕಿರುತ್ತದೆ, ಇಲ್ಲವೇ ಹೈಸ್ಕೂಲು ಮುಗಿಸುತ್ತಿರುವ ಮಗಳು ಪಶುವೈದ್ಯೆಯೇ ಆಗುತ್ತೇನೆಂದು ಹಟ ಹಿಡಿದಿರುತ್ತಾಳೆ. ಮೊದಲನೆಯದಕ್ಕೆ ವಾಂತಿ ಮಾಡಿಸುವ ಇಂಜೆಕ್ಷನ್ ಇದೆ. ಎರಡನೆಯದಕ್ಕೆ ಈ ಬರಹ.

ಕರೆ ಮಾಡುವ ತಂದೆತಾಯಿ ಕೇಳುವ ಪ್ರಶ್ನೆ ಹೆಚ್ಚು ಕಡಿಮೆ ಒಂದೇ: "ಡಾಕ್ಟರೇ, ಪ್ರೀ-ವೆಟ್ ಡಿಗ್ರಿ ಯಾವ ಕಾಲೇಜಿನಲ್ಲಿ ಚೆನ್ನಾಗಿದೆ?" ಕೆಲವರು ಸ್ವಲ್ಪ ತಡೆದು, ಮಗಳಿಗೆ ಕೇಳಿಸದಂತೆ, "ಮನುಷ್ಯರ ಡಾಕ್ಟರಾಗು ಎಂದು ನೀವಾದರೂ ಹೇಳಿ" ಎಂದು ಸೇರಿಸುವುದೂ ಉಂಟು. ಎರಡನೆಯ ಕೆಲಸ ನನ್ನಿಂದ ಆಗದು, ನಾನೂ ದನದ ಡಾಕ್ಟರೇ. ಮೊದಲ ಪ್ರಶ್ನೆಗೆ ನನ್ನ ಉತ್ತರ ಕೇಳಿ ಹೆಚ್ಚಿನವರಿಗೆ ನಿರಾಸೆಯಾಗುತ್ತದೆ: ಪ್ರೀ-ವೆಟ್ ಎಂಬುದು ಬಹುತೇಕ ಕಡೆ ಪದವಿಯೇ ಅಲ್ಲ. ಅದು ವಿದ್ಯಾರ್ಥಿ ಹಾಕಿಕೊಳ್ಳುವ ಒಂದು ದಾರಿಯ ಹೆಸರು, ಜೊತೆಗೊಬ್ಬ ಸಲಹೆಗಾರರು ಸಿಗುತ್ತಾರೆ, ಅಷ್ಟೆ. ಪದವಿ ಪತ್ರದ ಮೇಲೆ ಬೇರೆಯದೇ ಹೆಸರಿರುತ್ತದೆ, ಮತ್ತು ಆ ಹೆಸರು ಏನೆಂಬುದನ್ನು ಪಶುವೈದ್ಯಕೀಯ ಕಾಲೇಜುಗಳು ನೋಡುವುದು ತೀರಾ ಕಡಿಮೆ.

ಈ ಗೊಂದಲ ನಮ್ಮವರಿಗೆ ಸಹಜ. ನಾನು ಪಿಯುಸಿ ಮುಗಿಸಿ ನೇರವಾಗಿ ಹೆಬ್ಬಾಳದ ಕಾಲೇಜಿಗೆ ಸೇರಿದವನು. ಭಾರತದಲ್ಲಿ ಪಶುವೈದ್ಯಕೀಯವೇ ಮೊದಲ ಪದವಿ. ಇಂದಿನ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಸೇರಿ ಐದೂವರೆ ವರ್ಷ. ಅಮೆರಿಕದಲ್ಲಿ ಹಾಗಿಲ್ಲ. ಮೊದಲು ಸಾಮಾನ್ಯವಾಗಿ ನಾಲ್ಕು ವರ್ಷದ ಒಂದು ಪದವಿ, ಆಮೇಲೆ ನಾಲ್ಕು ವರ್ಷದ ಡಿವಿಎಂ ಎಂಬ ಪಶುವೈದ್ಯಕೀಯ ಪದವಿ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯ ಮಾತ್ರ ಅದನ್ನೇ ವಿಎಂಡಿ ಎಂದು ಕರೆಯುತ್ತದೆ. ನಾನಿಲ್ಲಿ ಹೇಳುವುದು ಆ ಮೊದಲ ನಾಲ್ಕು ವರ್ಷದ ಬಗ್ಗೆ.

ಮೊದಲ ಹೆಜ್ಜೆ: ತುದಿಯಿಂದ ಶುರು ಮಾಡಿ

ಪದವಿ ಯಾವುದು ಎಂದು ಯೋಚಿಸುವ ಮೊದಲು ಆಮೇಲೆ ಸೇರಬೇಕಾದ ಪಶುವೈದ್ಯಕೀಯ ಕಾಲೇಜುಗಳು ಯಾವುವು ಎಂದು ಬರೆದುಕೊಳ್ಳಿ. ಹದಿನೇಳರ ವಯಸ್ಸಿಗೆ ಇದು ಅತಿಯಾಯಿತು ಎನ್ನಿಸಬಹುದು. ಆದರೆ ಯಾವ ಕೋರ್ಸುಗಳನ್ನು ಓದಿರಬೇಕು ಎಂಬುದನ್ನು ಒಂದೊಂದು ಕಾಲೇಜೂ ತನ್ನ ಇಷ್ಟದಂತೆ ಗೊತ್ತುಮಾಡುತ್ತದೆ. ಊರಿನ ಹೆಸರು ತಿಳಿಯದೆ ಬಸ್ ಹತ್ತಿದರೆ ಟಿಕೆಟ್ ಎಲ್ಲಿಗೆ ಕೊಡಿಸಿಕೊಳ್ಳುತ್ತೀರಿ?

ಪಟ್ಟಿಯ ತಲೆಗೆ ನೀವು ವಾಸವಿರುವ ರಾಜ್ಯದ ಸರ್ಕಾರಿ ಕಾಲೇಜನ್ನು ಹಾಕಿ. ಅಲ್ಲಿ ರಾಜ್ಯದವರಿಗೆ ಸೀಟುಗಳಲ್ಲಿ ಆದ್ಯತೆ ಇರುತ್ತದೆ, ಶುಲ್ಕವೂ ಹೊರಗಿನವರಿಗಿಂತ ಕಡಿಮೆ. ಟೆಕ್ಸಾಸ್‌ನವರಿಗೆ ಟೆಕ್ಸಾಸ್ ಎ ಅಂಡ್ ಎಂ, ಜೊತೆಗೆ 2021ರಲ್ಲಿ ಮೊದಲ ತಂಡವನ್ನು ತೆಗೆದುಕೊಂಡ ಅಮರಿಲೋದ ಟೆಕ್ಸಾಸ್ ಟೆಕ್ ಇವೆ. ನಮ್ಮವರು ತುಂಬಿ ತುಳುಕುವ ಕ್ಯಾಲಿಫೋರ್ನಿಯಾದಲ್ಲಿ ಸರ್ಕಾರಿ ಕಾಲೇಜು ಡೇವಿಸ್‌ನದು ಒಂದೇ. ಪೊಮೋನಾದ ವೆಸ್ಟರ್ನ್ ವಿಶ್ವವಿದ್ಯಾಲಯ ಖಾಸಗಿ. ಅಷ್ಟು ದೊಡ್ಡ ರಾಜ್ಯಕ್ಕೆ ಇಷ್ಟೇ ಎಂದಮೇಲೆ ಸ್ಪರ್ಧೆ ಹೇಗಿರುತ್ತದೆಂದು ಊಹಿಸಿಕೊಳ್ಳಿ. ನೆವಾಡ, ನ್ಯೂ ಮೆಕ್ಸಿಕೋ, ಹವಾಯಿಯಂಥ ಪಶ್ಚಿಮದ ರಾಜ್ಯಗಳವರು ವಿಚೆ (WICHE) ಎಂಬ ಅಂತರರಾಜ್ಯ ಒಪ್ಪಂದದ ಶುಲ್ಕದ ನೆರವು ತಮಗೆ ಸಿಗುತ್ತದೆಯೇ ಎಂದು ವಿಚಾರಿಸಬೇಕು.

ಸ್ವಂತ ರಾಜ್ಯದ್ದು ಒಂದು, ಹೊರಗಿನವರನ್ನು ಧಾರಾಳವಾಗಿ ತೆಗೆದುಕೊಳ್ಳುವ ಕಾಲೇಜುಗಳು ನಾಲ್ಕೈದು. ಇಷ್ಟು ಸಾಕು. ಹದಿನೈದು ಹೆಸರು ಬರೆದರೆ ಮುಂದಿನ ಹೆಜ್ಜೆಯಲ್ಲಿ ತಲೆ ಕೆಡುತ್ತದೆ.

ಎರಡನೆಯ ಹೆಜ್ಜೆ: ಕೋರ್ಸುಗಳ ಕೋಷ್ಟಕ

ದೊಡ್ಡದೊಂದು ಹಾಳೆ ತೆಗೆದುಕೊಳ್ಳಿ, ಇಲ್ಲವೇ ಎಕ್ಸೆಲ್. ಮೇಲ್ಗಡೆ ಅಡ್ಡಕ್ಕೆ ಕಾಲೇಜುಗಳ ಹೆಸರು, ಎಡಗಡೆ ಉದ್ದಕ್ಕೆ ಕೋರ್ಸುಗಳ ಹೆಸರು. ಪ್ರತಿ ಕಾಲೇಜಿನ ಜಾಲತಾಣದಲ್ಲಿ ಬೇಕಾದ ಕೋರ್ಸುಗಳ ಪಟ್ಟಿ ಇರುತ್ತದೆ. ಅದನ್ನು ನೋಡಿ ಎಷ್ಟು ಸೆಮಿಸ್ಟರ್, ಲ್ಯಾಬ್ ಬೇಕೋ ಬೇಡವೋ ಎಂದು ತುಂಬಿ. ಈ ಕೆಲಸವನ್ನು ಮಗಳೇ ಮಾಡಲಿ. ಅಪ್ಪ ಮಾಡಿಕೊಟ್ಟ ಕೋಷ್ಟಕವನ್ನು ಯಾವ ಮಗುವೂ ಎರಡನೆಯ ಸಲ ತೆರೆದು ನೋಡುವುದಿಲ್ಲ.

ತುಂಬುತ್ತಾ ಹೋದಂತೆ ಒಂದು ತಿರುಳು ಕಾಣುತ್ತದೆ. ಜೀವಶಾಸ್ತ್ರ, ಸಾಮಾನ್ಯ ರಸಾಯನಶಾಸ್ತ್ರ, ಆರ್ಗ್ಯಾನಿಕ್ ಕೆಮಿಸ್ಟ್ರಿ, ಬಯೋಕೆಮಿಸ್ಟ್ರಿ, ಭೌತಶಾಸ್ತ್ರ, ಸಂಖ್ಯಾಶಾಸ್ತ್ರ ಹೆಚ್ಚು ಕಡಿಮೆ ಎಲ್ಲೆಡೆ ಬರುತ್ತವೆ. ಜೆನೆಟಿಕ್ಸ್, ಮೈಕ್ರೋಬಯಾಲಜಿ, ಶರೀರಕ್ರಿಯಾಶಾಸ್ತ್ರವನ್ನು ಹಲವರು ಕೇಳುತ್ತಾರೆ. ಆಮೇಲೆ ಬರುವುವು ಒಂದೊಂದು ಕಾಲೇಜಿನ ಚಪಲಗಳು: ಒಬ್ಬರಿಗೆ ಪ್ರಾಣಿ ಪೋಷಣೆ ಬೇಕು, ಇನ್ನೊಬ್ಬರಿಗೆ ಭಾಷಣ ಕಲೆ ಬೇಕು, ಮತ್ತೊಬ್ಬರಿಗೆ ತಾಂತ್ರಿಕ ಬರವಣಿಗೆ. ಭಾಷಣ ಕಲೆ ಎಂದಾಗ ನಗಬೇಡಿ. ಹದಿನಾಲ್ಕು ವರ್ಷ ಸಾಕಿದ ನಾಯಿಯನ್ನು ನೋವಿಲ್ಲದೆ ಕಳುಹಿಸಿಕೊಡುವ ಮಾತನ್ನು ಒಬ್ಬ ಅಜ್ಜನ ಮುಂದೆ ಎತ್ತಬೇಕಾದ ದಿನ ಆ ಮೂರು ಕ್ರೆಡಿಟ್ ಉಪಯೋಗಕ್ಕೆ ಬರುತ್ತದೆ.

ಮೈಕ್ರೋಬಯಾಲಜಿಯಲ್ಲಿ ಕಲಿಯುವ ಸಾಲ್ಮೊನೆಲ್ಲಾ ಎಂಬ ಹೆಸರಿಗೂ ನಮ್ಮ ವೃತ್ತಿಗೂ ನಂಟಿದೆ. ಡೇನಿಯಲ್ ಸಾಲ್ಮನ್ 1876ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಅಮೆರಿಕದ ಮೊದಲ ಡಿವಿಎಂ ಪದವಿ ಪಡೆದವರು. ಆ ಬ್ಯಾಕ್ಟೀರಿಯಾಕ್ಕೆ ಅವರ ಹೆಸರೇ ಉಳಿಯಿತು. ಹೆಸರು ಕೇಳಿ ಸಾಲ್ಮನ್ ಮೀನು ತಿಂದು ಬರುವ ಕಾಯಿಲೆ ಎಂದುಕೊಂಡವರನ್ನು ನಾನು ಬಹಳ ಜನ ನೋಡಿದ್ದೇನೆ.

ಕೋಷ್ಟಕದಲ್ಲಿ ಮಕ್ಕಳು ಎಡವುವುದು ಸಣ್ಣ ಅಕ್ಷರಗಳಲ್ಲಿ. ನನ್ನ ಬಳಿ ಕೆಲಸ ಕಲಿಯಲು ಬರುತ್ತಿದ್ದ ಹುಡುಗಿಯೊಬ್ಬಳು ಓದುತ್ತಿದ್ದ ಪದವಿಗೆ ಆರ್ಗ್ಯಾನಿಕ್ ಕೆಮಿಸ್ಟ್ರಿಯ ಒಂದೇ ಸೆಮಿಸ್ಟರಿನ ಮೇಲ್ನೋಟದ ಕೋರ್ಸ್ ಸಾಕಾಗಿತ್ತು. ಪದವಿಗೆ ಸಾಕಾದದ್ದು ಪಶುವೈದ್ಯಕೀಯ ಕಾಲೇಜಿಗೂ ಸಾಕು ಎಂದು ಅವಳೂ ತಿಳಿದಳು, ಅವಳ ಸಲಹೆಗಾರರೂ ತಿಳಿದರು. ಅವಳ ಪಟ್ಟಿಯಲ್ಲಿದ್ದ ಮೂರು ಕಾಲೇಜುಗಳು ಕೇಳಿದ್ದು ಲ್ಯಾಬ್ ಸಮೇತ ಎರಡು ಸೆಮಿಸ್ಟರಿನ ಪೂರ್ಣ ಕೋರ್ಸ್. ಅದು ಗೊತ್ತಾದದ್ದು ಮೂರನೆಯ ವರ್ಷದ ಬೇಸಿಗೆಯಲ್ಲಿ. ಬಯೋಕೆಮಿಸ್ಟ್ರಿಯೂ ಅದರ ಬಾಲ ಹಿಡಿದೇ ಬರುವುದರಿಂದ ಪೂರಾ ಒಂದು ವರ್ಷ ಕೈಬಿಟ್ಟು ಹೋಯಿತು. ಹಾಗಾಗಿ ಕೋರ್ಸಿನ ಹೆಸರನ್ನು ನೋಡಿ ಟಿಕ್ ಹಾಕಬೇಡಿ. ಅನುಮಾನ ಬಂದರೆ ಪಶುವೈದ್ಯಕೀಯ ಕಾಲೇಜಿನ ಪ್ರವೇಶ ಕಚೇರಿಗೇ ಇಮೇಲ್ ಬರೆದು ಕೇಳಿ, ಬಂದ ಉತ್ತರವನ್ನು ಉಳಿಸಿಟ್ಟುಕೊಳ್ಳಿ.

ಹೈಸ್ಕೂಲಿನಲ್ಲೇ ತೆಗೆದುಕೊಂಡ ಕಾಲೇಜು ಮಟ್ಟದ ಎಪಿ ಕೋರ್ಸುಗಳ ಕ್ರೆಡಿಟ್ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೆಲವು ಕಾಲೇಜುಗಳು ಅದನ್ನು ಒಪ್ಪುತ್ತವೆ, ಕೆಲವು ಆ ಜಾಗದಲ್ಲಿ ಅದಕ್ಕಿಂತ ಮೇಲಿನ ಹಂತದ ಕೋರ್ಸ್ ಕೇಳುತ್ತವೆ. ಹಳೆಯ ಕೋರ್ಸುಗಳಿಗೆ ಇಂತಿಷ್ಟು ವರ್ಷವೆಂದು ಆಯುಷ್ಯ ಕಟ್ಟಿರುವ ಕಾಲೇಜುಗಳೂ ಇವೆ.

ಮೂರನೆಯ ಹೆಜ್ಜೆ: ಈಗ ಪದವಿಯ ಮಾತು

ಕೋಷ್ಟಕ ಸಿದ್ಧವಾದ ಮೇಲೆ ಪದವಿಯ ಆಯ್ಕೆ ತಾನಾಗಿಯೇ ಹಗುರವಾಗುತ್ತದೆ. ಯಾವ ಪದವಿ ಓದಿದರೆ ಕೋಷ್ಟಕದ ಕೋರ್ಸುಗಳಲ್ಲಿ ಹೆಚ್ಚಿನವು ಪದವಿಯ ಲೆಕ್ಕಕ್ಕೇ ಬಂದುಬಿಡುತ್ತವೆ? ಅದು ಒಂದು ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ಭಾರವಾದ ಇನ್ನೊಂದು ಪ್ರಶ್ನೆ ಇದೆ: ಪಶುವೈದ್ಯಕೀಯ ಸೀಟು ಸಿಗದೇ ಹೋದರೆ ಈ ಪದವಿಯನ್ನು ಕೈಯಲ್ಲಿ ಹಿಡಿದು ಮಗಳು ಸಂತೋಷದಿಂದ ಏನು ಮಾಡುತ್ತಾಳೆ? ಅಪಶಕುನದ ಮಾತೆಂದು ತಾಯಂದಿರು ಇದಕ್ಕೆ ಮುಖ ಸಿಂಡರಿಸುತ್ತಾರೆ. ಅರ್ಜಿ ಹಾಕಿದವರಲ್ಲಿ ಎಷ್ಟೋ ಮಂದಿಗೆ ಮೊದಲ ವರ್ಷ ಸೀಟು ಸಿಗುವುದಿಲ್ಲ. ಸಿಕ್ಕರೂ ಎರಡು ಸೆಮಿಸ್ಟರ್ ಕಳೆದ ಮೇಲೆ ರಕ್ತ ನೋಡಲಾಗದು ಎಂದು ಮನಸ್ಸು ಬದಲಿಸಿದವರನ್ನೂ ನಾನು ಬಲ್ಲೆ.

ಅನಿಮಲ್ ಸೈನ್ಸ್ ಪದವಿಯ ಗುಣವೆಂದರೆ ಕೊಟ್ಟಿಗೆ ಹತ್ತಿರವಿರುತ್ತದೆ. ಅಯೋವಾ ಸ್ಟೇಟ್, ಕಾರ್ನೆಲ್, ಪರ್ಡ್ಯೂ, ಡೇವಿಸ್‌ನಂಥ ಕಡೆ ವಿಶ್ವವಿದ್ಯಾಲಯದ್ದೇ ದನ, ಕುರಿ, ಹಂದಿಗಳಿವೆ. ಪೋಷಣೆ, ಸಂತಾನೋತ್ಪತ್ತಿ, ತಳಿವಿಜ್ಞಾನ ಎಲ್ಲವೂ ಪಠ್ಯದ ಒಳಗೇ ಬರುತ್ತವೆ. ಅಪಾರ್ಟ್‌ಮೆಂಟಿನಲ್ಲಿ ಬೆಳೆದು, ಹಸುವನ್ನು ಹಾಲಿನ ಡಬ್ಬದ ಮೇಲಿನ ಚಿತ್ರದಲ್ಲಷ್ಟೇ ಕಂಡ ಮಕ್ಕಳಿಗೆ ನಾನು ಹೆಚ್ಚಾಗಿ ಇದನ್ನೇ ಹೇಳುತ್ತೇನೆ. ಇದರ ಕುಂದು ಆಗಲೇ ಹೇಳಿದ್ದು: ಕೆಲವು ಕಡೆ ಇದರ ರಸಾಯನಶಾಸ್ತ್ರ ತೆಳು. ಪದವಿಯ ಒಳಗೇ ವಿಜ್ಞಾನದ ವಿಭಾಗ, ವ್ಯವಹಾರದ ವಿಭಾಗ ಎಂದು ಬೇರೆ ಬೇರೆ ಇದ್ದರೆ ವಿಜ್ಞಾನದ್ದನ್ನೇ ಹಿಡಿಯಬೇಕು.

ಬಯಾಲಜಿಯನ್ನು ಯಾರೂ ತಪ್ಪು ಎನ್ನುವುದಿಲ್ಲ, ಎಲ್ಲ ಕಾಲೇಜಿನಲ್ಲೂ ಸಿಗುತ್ತದೆ, ಕೋಷ್ಟಕ ಸಲೀಸಾಗಿ ತುಂಬುತ್ತದೆ. ಆದರೆ ಬೇರೆ ದಾರಿ ತೋಚದೆ ಅದನ್ನು ತೆಗೆದುಕೊಂಡ ಮಕ್ಕಳೇ ಜಾಸ್ತಿ. ಬಯೋಕೆಮಿಸ್ಟ್ರಿ, ಮೈಕ್ರೋಬಯಾಲಜಿ ಕಷ್ಟದವು. ನಿಜವಾದ ಒಲವಿದ್ದವರಿಗೆ ಮಾತ್ರ. ಒಲವಿದ್ದರಂತೂ ಅವುಗಳ ಬೆಲೆ ದೊಡ್ಡದು, ಏಕೆಂದರೆ ಸೀಟು ಸಿಗದಿದ್ದರೂ ಪ್ರಯೋಗಾಲಯ, ಔಷಧ ಕಂಪನಿ, ಸಂಶೋಧನೆ ಎಂದು ಬಾಗಿಲುಗಳಿವೆ.

ಮನಶ್ಶಾಸ್ತ್ರ, ಇತಿಹಾಸ, ಸಂಗೀತ ಓದಿ ಡಿವಿಎಂ ಸೇರಲು ಸಾಧ್ಯವೇ? ಸಾಧ್ಯ. ಕೋಷ್ಟಕದ ಕೋರ್ಸುಗಳನ್ನು ಹೆಚ್ಚುವರಿಯಾಗಿ ಮುಗಿಸಿದ್ದರೆ ಸಾಕು. ಆದರೆ ಹೊರೆ ಎರಡಾಗುತ್ತದೆ. ಆ ವಿಷಯದ ಮೇಲೆ ಪ್ರಾಣ ಇಟ್ಟಿರುವ ಮಗುವನ್ನು ನಾನು ತಡೆಯುವುದಿಲ್ಲ. ಅರ್ಜಿಯಲ್ಲಿ ಬೇರೆಯಾಗಿ ಕಾಣಿಸಲಿ ಎಂದು ಲೆಕ್ಕ ಹಾಕಿ ಹೊರಟವರನ್ನು ತಡೆಯುತ್ತೇನೆ. ಮೆಚ್ಚಿದ ವಿಷಯದಲ್ಲಿ ಅಂಕ ಚೆನ್ನಾಗಿ ಬರುತ್ತದೆ, ಮತ್ತು ಅಂಕವನ್ನು ಎಲ್ಲ ಕಾಲೇಜುಗಳೂ ನೋಡುತ್ತವೆ. ಒಟ್ಟು ಜಿಪಿಎ (ಗ್ರೇಡುಗಳ ಸರಾಸರಿ), ವಿಜ್ಞಾನದ ಜಿಪಿಎ, ಕೊನೆಯ 45 ಕ್ರೆಡಿಟ್‌ಗಳ ಜಿಪಿಎ ಎಂದು ಬೇರೆ ಬೇರೆ ಲೆಕ್ಕಗಳಿವೆ. ಒಂದು ಕೋರ್ಸನ್ನು ಎರಡನೆಯ ಸಲ ಓದಿ ಒಳ್ಳೆಯ ಗ್ರೇಡ್ ತಂದರೂ ಅರ್ಜಿ ವ್ಯವಸ್ಥೆ ಹಳೆಯ ಗ್ರೇಡನ್ನು ಮರೆಯುವುದಿಲ್ಲ, ಎರಡನ್ನೂ ಸೇರಿಸಿಯೇ ಲೆಕ್ಕ ಹಾಕುತ್ತದೆ.

ಒಂದು ಪದವಿಯ ಬಗ್ಗೆ ಮಾತ್ರ ಎಚ್ಚರಿಕೆ. ವೆಟರಿನರಿ ಟೆಕ್ನಾಲಜಿ ಎಂಬ ಹೆಸರು ನೋಡಿ ಇದೇ ಮೊದಲ ಮೆಟ್ಟಿಲು ಎಂದು ಹಿಗ್ಗುವವರಿದ್ದಾರೆ. ಅದು ಪಶುವೈದ್ಯರ ಜೊತೆ ಕೆಲಸ ಮಾಡುವ ಟೆಕ್ನಿಷಿಯನ್‌ಗಳ ತರಬೇತಿ. ಗೌರವದ ವೃತ್ತಿ, ಅವರಿಲ್ಲದೆ ನನ್ನ ಕ್ಲಿನಿಕ್ ಒಂದು ಗಂಟೆಯೂ ನಡೆಯದು. ಆದರೆ ಡಿವಿಎಂಗೆ ಬೇಕಾದ ರಸಾಯನ, ಭೌತಶಾಸ್ತ್ರದ ಕೋರ್ಸುಗಳು ಸಾಮಾನ್ಯವಾಗಿ ಅದರಲ್ಲಿ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಹಣ ಮತ್ತು ವೀಸಾ

ನಮ್ಮವರು ಮಕ್ಕಳ ಮೊದಲ ಪದವಿಗೆ ಹೆಸರುವಾಸಿ ಖಾಸಗಿ ಕಾಲೇಜನ್ನು ಹುಡುಕಿ ಕೂಡಿಟ್ಟದ್ದನ್ನೆಲ್ಲ ಸುರಿಯುತ್ತಾರೆ. ಪಶುವೈದ್ಯಕೀಯದ ದಾರಿ ಹಿಡಿದವರಿಗೆ ಇದು ಅರ್ಥವಿಲ್ಲದ ಖರ್ಚು. ದುಬಾರಿ ನಾಲ್ಕು ವರ್ಷ ಇನ್ನೂ ಮುಂದಿದೆ. ಮನೆಯ ಹತ್ತಿರದ ಸರ್ಕಾರಿ ವಿಶ್ವವಿದ್ಯಾಲಯ ಸಾಕು. ಮೊದಲೆರಡು ವರ್ಷಕ್ಕೆ ಕಮ್ಯುನಿಟಿ ಕಾಲೇಜೂ ಆಗಬಹುದು, ಅಲ್ಲಿನ ಕ್ರೆಡಿಟ್ಟನ್ನು ಒಪ್ಪುವುದಾಗಿ ಕೋಷ್ಟಕದ ಕಾಲೇಜುಗಳು ಹೇಳಿದ್ದರೆ. 2026ರ ಜುಲೈ 1ರಿಂದ ಹೊಸದಾಗಿ ಸಾಲ ಪಡೆಯುವವರಿಗೆ ಗ್ರಾಜುಯೇಟ್ ಪ್ಲಸ್ ಎಂಬ ಕೇಂದ್ರ ಸರ್ಕಾರದ ಸಾಲ ಇಲ್ಲವಾಗಿ, ಡಿವಿಎಂನಂಥ ವೃತ್ತಿಪದವಿಗೆ ಕೇಂದ್ರ ಸರ್ಕಾರದ ಸಾಲಕ್ಕೆ ವರ್ಷಕ್ಕೆ 50,000 ಡಾಲರ್, ಒಟ್ಟು 2,00,000 ಡಾಲರ್ ಎಂಬ ಮಿತಿ ಬರುವಂತೆ 2025ರಲ್ಲಿ ಕಾನೂನಾಗಿದೆ. ಅದರಾಚೆಗಿನ ಖರ್ಚು ಮನೆಯವರ ತಲೆಯ ಮೇಲೆ, ಇಲ್ಲವೇ ಬ್ಯಾಂಕಿನ ಖಾಸಗಿ ಸಾಲದಲ್ಲಿ. ಮೊದಲ ಪದವಿಯಲ್ಲಿ ಉಳಿಸಿದ ಹಣಕ್ಕೆ ಆಗ ಬೆಲೆ ಬರುತ್ತದೆ.

ಇನ್ನು, ಬೇರೆ ಯಾವ ಮಾರ್ಗದರ್ಶಿಯೂ ನಮ್ಮವರಿಗೆ ಹೇಳದ ಮಾತು. ಗ್ರೀನ್ ಕಾರ್ಡಿನ ಸರದಿಯಲ್ಲಿ ನಿಂತಿರುವ ಎಚ್-1ಬಿ ಉದ್ಯೋಗ ವೀಸಾದ ಕುಟುಂಬದ ಮಗು ಅವಲಂಬಿತರ ಎಚ್-4 ವೀಸಾದಲ್ಲಿದ್ದರೆ, 21 ತುಂಬಿದ ದಿನ ಆ ಆಸರೆ ಹೋಗುತ್ತದೆ. ಡಿವಿಎಂ ಶುರುವಾಗುವುದು ಸುಮಾರು 22ರಲ್ಲಿ. ಅಂದರೆ ಅರ್ಜಿ ಹಾಕುವ ಹೊತ್ತಿಗೆ ನಿಮ್ಮ ಮಗು ಬಹುಶಃ ಎಫ್-1 ವಿದೇಶಿ ವಿದ್ಯಾರ್ಥಿ, ಎರಡನೆಯ ತರಗತಿಯಿಂದ ಇಲ್ಲೇ ಓದಿದ್ದರೂ ಸರಿ. ಎಫ್-1ನವರಿಗೆ ಕೇಂದ್ರ ಸರ್ಕಾರದ ವಿದ್ಯಾರ್ಥಿ ಸಾಲವಿಲ್ಲ. ಕೆಲವು ಸರ್ಕಾರಿ ಪಶುವೈದ್ಯಕೀಯ ಕಾಲೇಜುಗಳು ನಾಗರಿಕರು ಮತ್ತು ಗ್ರೀನ್ ಕಾರ್ಡ್ ಉಳ್ಳವರ ಅರ್ಜಿಯನ್ನು ಮಾತ್ರ ತೆಗೆದುಕೊಳ್ಳುತ್ತವೆ. ಆದ್ದರಿಂದ ಕೋಷ್ಟಕದಲ್ಲಿ ಇನ್ನೊಂದು ಸಾಲು ಎಳೆಯಿರಿ: ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತಾರೆಯೇ? ಇದನ್ನು ಹತ್ತನೆಯ ತರಗತಿಯಲ್ಲೇ ತಿಳಿದುಕೊಂಡ ಮನೆಯವರು ಬೇರೆ ಕಾಲೇಜುಗಳನ್ನು ಸಮಾಧಾನವಾಗಿ ಹುಡುಕಿಕೊಂಡಿದ್ದಾರೆ. ಕೊನೆಯ ವರ್ಷದಲ್ಲಿ ತಿಳಿದವರು ನನ್ನ ಎದುರು ಕೂತು ಅತ್ತಿದ್ದಾರೆ.

"ಹಾಗಾದರೆ ಊರಿಗೆ ಕಳುಹಿಸಿ ಬಿವಿಎಸ್ಸಿ ಓದಿಸಿ ಇಲ್ಲಿಗೆ ಕರೆಸಿಕೊಂಡರೆ?" ನಾನು ಬಂದದ್ದು ಹಾಗೆಯೇ, ಆದ್ದರಿಂದ ಹೇಳಬಲ್ಲೆ: ಅದು ಅಡ್ಡದಾರಿಯಲ್ಲ, ಸುತ್ತುದಾರಿ. ವಿದೇಶದಲ್ಲಿ ಓದಿದ ಪಶುವೈದ್ಯರಿಗೆಂದೇ ಇರುವ ಇಸಿಎಫ್‌ವಿಜಿ ಎಂಬ ಪ್ರಮಾಣಪತ್ರಕ್ಕೆ ಮೊದಲು ಇಂಗ್ಲಿಷ್, ಆಮೇಲೆ ಬಿಸಿಎಸ್‌ಇ ಲಿಖಿತ ಪರೀಕ್ಷೆ, ಕೊನೆಗೆ ಪ್ರಾಯೋಗಿಕ ಪರೀಕ್ಷೆ. ಅರಿವಳಿಕೆ, ಕುದುರೆ, ದನ, ಶವಪರೀಕ್ಷೆ, ಎಕ್ಸ್‌ರೇ, ಸಾಕುಪ್ರಾಣಿ ಚಿಕಿತ್ಸೆ, ಶಸ್ತ್ರಚಿಕಿತ್ಸೆ ಎಂಬ ಏಳು ವಿಭಾಗಗಳಲ್ಲೂ ಕೈಕೆಲಸ ತೋರಿಸಬೇಕು. ಜೊತೆಗೆ ಇಲ್ಲಿಯ ಪದವೀಧರರೂ ಬರೆಯುವ ನ್ಯಾವ್ಲಿ (NAVLE) ಎಂಬ ಲೈಸೆನ್ಸ್ ಪರೀಕ್ಷೆ. ಊರಿನಲ್ಲೇ ವೃತ್ತಿ ಮಾಡುವ ಮನಸ್ಸಿದ್ದರೆ ಕಳುಹಿಸಿ, ಸೊಗಸಾದ ವಿದ್ಯೆ. ಖರ್ಚು ಉಳಿಸಲೆಂದು ಮಾತ್ರ ಬೇಡ.

ಐದನೆಯ ಹೆಜ್ಜೆ: ಗಂಟೆಗಳ ಪುಸ್ತಕ

ಪದವಿಯ ಜೊತೆಜೊತೆಗೆ ನಡೆಯಬೇಕಾದ ಕೆಲಸ ಇದು. ಅರ್ಜಿಯಲ್ಲಿ ಅನುಭವದ ಗಂಟೆಗಳನ್ನು ಬೇರೆ ಬೇರೆ ತೋರಿಸಬೇಕು. ಪಶುವೈದ್ಯರ ಮೇಲ್ವಿಚಾರಣೆಯಲ್ಲಿ ಮಾಡಿದ್ದು ಒಂದು ಲೆಕ್ಕ, ಪಶುವೈದ್ಯರಿಲ್ಲದೆ ಪ್ರಾಣಿಗಳೊಡನೆ ಮಾಡಿದ್ದು, ಅಂದರೆ ಕುದುರೆ ಲಾಯ, ನಿರಾಶ್ರಿತ ನಾಯಿಗಳ ಮನೆ, ಡೈರಿಯ ಕೆಲಸ, ಇನ್ನೊಂದು, ಸಂಶೋಧನೆ ಮತ್ತೊಂದು. ಮನೆಯಲ್ಲಿ ನಾಯಿ ಸಾಕಿದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ ಎಂದೇ ತಿಳಿಯಿರಿ. ಕೆಲವು ಕಾಲೇಜುಗಳು ಕನಿಷ್ಠ ಇಷ್ಟು ಗಂಟೆ ಎಂದು ಗೊತ್ತುಮಾಡಿವೆ. ಗಂಟೆಗಳ ಮೊತ್ತದಷ್ಟೇ ಮುಖ್ಯ ಬಗೆಬಗೆಯ ಪ್ರಾಣಿಗಳನ್ನು ಕಂಡಿರುವುದು.

ಮೊದಲ ದಿನವೇ ಒಂದು ನೋಟ್‌ಬುಕ್ ಇಡಿ. ಹೆಚ್ಚಿನವರು "ಕ್ಲಿನಿಕ್, ಆರು ಗಂಟೆ, ನಾಯಿಗಳು" ಎಂದು ಬರೆದು ಮುಚ್ಚುತ್ತಾರೆ. ನಾಲ್ಕು ವರ್ಷದ ನಂತರ ಅರ್ಜಿ ತುಂಬುವಾಗ ಆ ಸಾಲಿನಿಂದ ಏನೂ ನೆನಪಾಗುವುದಿಲ್ಲ. ನನ್ನ ಜೊತೆ ಡೈರಿಗೆ ಬರುತ್ತಿದ್ದ ಒಬ್ಬ ಹುಡುಗಿಯ ಪುಸ್ತಕದ ಒಂದು ಪುಟ ಹೀಗಿತ್ತು: "ಹೋಲ್‌ಸ್ಟೈನ್ ಹಸು, ಕರು ಹಾಕಿ ಹನ್ನೆರಡು ದಿನ. ಮೇವು ಬಿಟ್ಟಿದೆ, ಹಾಲು ಇಳಿದಿದೆ. ಎಡ ಪಕ್ಕೆಯ ಮೇಲೆ ಬೆರಳಿನಿಂದ ಚಿಮ್ಮಿದಾಗ ಸ್ಟೆತಸ್ಕೋಪಿನಲ್ಲಿ ಕಂಚಿನ ತಟ್ಟೆಗೆ ಬಡಿದ ಹಾಗೆ ಸದ್ದು. ನಾಲ್ಕನೆಯ ಹೊಟ್ಟೆ ಎಡಕ್ಕೆ ಜಾರಿ ಗಾಳಿ ತುಂಬಿಕೊಂಡಿದೆ. ನಿಂತ ಹಾಗೆಯೇ ಆಪರೇಷನ್. ನಾನು ಟಾರ್ಚ್ ಹಿಡಿದಿದ್ದೆ, ಒಮ್ಮೆ ತಲೆ ತಿರುಗಿತು, ಗೇಟಿಗೆ ಒರಗಿದೆ, ಬೀಳಲಿಲ್ಲ." ಸಂದರ್ಶನದಲ್ಲಿ ಅವಳನ್ನು ಆ ಹಸುವಿನ ಬಗ್ಗೆಯೇ ಕೇಳಿದರಂತೆ. ತಲೆ ತಿರುಗಿದ್ದನ್ನೂ ಮುಚ್ಚಿಡದೆ ಹೇಳಿದಳಂತೆ.

ಗಂಟೆಗಳಿಂದ ಇನ್ನೊಂದು ಲಾಭ, ಶಿಫಾರಸು ಪತ್ರ. ಕನಿಷ್ಠ ಮೂರು ಬೇಕು, ಅದರಲ್ಲಿ ಒಂದಾದರೂ ಪಶುವೈದ್ಯರದ್ದಾಗಿರುವುದು ಒಳ್ಳೆಯದು. ಹಲವು ಕಡೆ ಕಡ್ಡಾಯ. ಹತ್ತು ಕ್ಲಿನಿಕ್ಕಿಗೆ ಎರಡೆರಡು ದಿನ ಹೋದವರ ಬಗ್ಗೆ ಯಾರೂ ಏನೂ ಬರೆಯಲಾಗದು. ಒಂದೇ ಕಡೆ ಎರಡು ಬೇಸಿಗೆ ಕಳೆದವರ ಬಗ್ಗೆ ನಾನು ಎರಡು ಪುಟ ಬರೆದಿದ್ದೇನೆ.

ಆರನೆಯ ಹೆಜ್ಜೆ: ವರ್ಷಕ್ಕೊಮ್ಮೆ ಕೋಷ್ಟಕ ತೆರೆಯಿರಿ

ಕಾಲೇಜುಗಳು ನಿಯಮ ಬದಲಿಸುತ್ತಿರುತ್ತವೆ. ಒಂದು ಕಾಲದಲ್ಲಿ ಹೆಚ್ಚಿನವರು ಬರೆಯುತ್ತಿದ್ದ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯನ್ನು ಈಗ ಬಹುತೇಕರು ಕೈಬಿಟ್ಟಿದ್ದಾರೆ, ಕೆಲವರು ಸನ್ನಿವೇಶ ಕೊಟ್ಟು ಹೇಗೆ ನಡೆದುಕೊಳ್ಳುತ್ತೀರಿ ಎಂದು ನೋಡುವ ಕ್ಯಾಸ್ಪರ್ ಎಂಬ ಪರೀಕ್ಷೆ ಕೇಳುತ್ತಿದ್ದಾರೆ. ಪ್ರತಿ ಬೇಸಿಗೆ ರಜೆಯ ಮೊದಲ ವಾರ ಕೋಷ್ಟಕ ತೆರೆದು ಕಾಲೇಜುಗಳ ಪಟ್ಟಿಯ ಜೊತೆ ತಾಳೆ ನೋಡಿ.

ಅರ್ಜಿ ಹಾಕುವುದು ಸಾಮಾನ್ಯವಾಗಿ ಪದವಿಯ ಮೂರನೆಯ ವರ್ಷ ಮುಗಿದ ಬೇಸಿಗೆಯಲ್ಲಿ. ವಿಎಂಕ್ಯಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಹೆಚ್ಚಿನ ಕಾಲೇಜುಗಳಿಗೆ ಅರ್ಜಿ ಹೋಗುತ್ತದೆ. ಟೆಕ್ಸಾಸ್‌ನ ಕಾಲೇಜುಗಳಿಗೆ ಟಿಎಂಡಿಎಸ್‌ಎಎಸ್ ಎಂಬ ಬೇರೆ ವ್ಯವಸ್ಥೆ ಇದೆ. ವಿಎಂಕ್ಯಾಸ್ ವರ್ಷದ ಆರಂಭದಲ್ಲಿ ತೆರೆದು ಸೆಪ್ಟೆಂಬರ್ ಮಧ್ಯಭಾಗದಲ್ಲಿ ಮುಚ್ಚುತ್ತದೆ. ಸೀಟು ಸಿಕ್ಕವರು ಒಪ್ಪಿಗೆ ತಿಳಿಸಲು ಏಪ್ರಿಲ್ 15ರವರೆಗೆ ಸಮಯ. ಸಿಗದಿದ್ದರೆ ಕಾಲೇಜಿಗೆ ಬರೆದು ಅರ್ಜಿಯಲ್ಲಿ ಕೊರತೆ ಏನಿತ್ತೆಂದು ಕೇಳಿ. ಕೆಲವು ಕಾಲೇಜುಗಳು ಬಿಡಿಸಿ ಹೇಳುತ್ತವೆ. ಎರಡನೆಯ ಸಲ ಅದೇ ಅರ್ಜಿಯನ್ನು ತಾರೀಖು ಬದಲಿಸಿ ಕಳುಹಿಸಬೇಡಿ.

ಒಂದು ಕೋರಿಕೆ ಉಳಿಯಿತು. ನಮ್ಮ ಜೊತೆ ಬಂದು ಕೆಲಸ ನೋಡಲು ಅವಕಾಶ ಬೇಕಿದ್ದರೆ ಅಪ್ಪ ಅಮ್ಮ ಫೋನ್ ಮಾಡಬೇಡಿ, ಮಗುವೇ ಮಾಡಲಿ. ಡೈರಿಗೆ ಹೊರಡುವುದು ಮಂಗಳವಾರ, ಬೆಳಗಿನ ಐದೂವರೆಗೆ. ಹಳೆಯ ಬಟ್ಟೆ ಹಾಕಿಕೊಂಡು, ಹೊಟ್ಟೆಗೆ ಏನಾದರೂ ತಿಂದು ಬರಲಿ. ಖಾಲಿ ಹೊಟ್ಟೆಯವರಿಗೇ ಮೊದಲು ತಲೆ ತಿರುಗುವುದು. ರಬ್ಬರ್ ಬೂಟು ನಮ್ಮಲ್ಲೇ ಇವೆ, ಕಾಲಿನ ಅಳತೆ ಹಿಂದಿನ ದಿನವೇ ತಿಳಿಸಲಿ.